ವ್ಯವಹಾರ ಕಾನೂನು: ಪದವಿ ಹಂತದ ಅಧ್ಯಯನ

ವ್ಯವಹಾರ ಕಾನೂನು ಎಂಬುದು ವ್ಯಾಪಾರ, ಉದ್ದಿಮೆ ಮತ್ತು ಹಣಕಾಸಿನ ವಹಿವಾಟಿನಲ್ಲಿ ತೊಡಗಿದವರ ಹಕ್ಕು ಮತ್ತು ಬಾಧ್ಯತೆಗಳನ್ನು ಗೊತ್ತುಪಡಿಸುವ ಕಾಯ್ದೆಗಳು, ತೀರ್ಪುಗಳು ಹಾಗೂ ವ್ಯಾಪಾರಿ ರೂಢಿಗಳ ಸಮೂಹ. ಭಾರತದ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಬಿ.ಕಾಂ., ಬಿ.ಬಿ.ಎ. ಮೊದಲಾದ ಪದವಿಗಳ ಭಾಗವಾಗಿ ಕಲಿಸಲಾಗುತ್ತದೆ. ಪತ್ರಿಕೆಯ ಹೆಸರು ಬಿಸಿನೆಸ್ ಲಾ, ಮರ್ಕೆಂಟೈಲ್ ಲಾ, ಬಿಸಿನೆಸ್ ರೆಗ್ಯುಲೇಷನ್ಸ್ ಎಂದು ಊರಿಂದೂರಿಗೆ ಬದಲಾದರೂ ತಿರುಳು ಹೆಚ್ಚು ಬದಲಾಗುವುದಿಲ್ಲ. ಈ ಲೇಖನದಲ್ಲಿ ‘ಒಪ್ಪಂದ’ ಎಂದರೆ ಪ್ರತಿಫಲಕ್ಕಾಗಿ ಪರಸ್ಪರ ಕೊಟ್ಟ ವಚನ. ‘ಕರಾರು’ ಎಂದರೆ ಕಾನೂನಿನ ಬಲದಿಂದ ಜಾರಿಗೊಳಿಸಬಹುದಾದ ಒಪ್ಪಂದ. 1872ರ ಭಾರತೀಯ ಕರಾರು ಕಾಯ್ದೆಯ 2ನೇ ಕಲಂ ಮಾಡುವ ವಿಂಗಡಣೆಯೂ ಇದೇ. ‘ಶೂನ್ಯ’ ಎಂದರೆ ಕಾನೂನಿನಲ್ಲಿ ಯಾವ ಪರಿಣಾಮವೂ ಇಲ್ಲದ್ದು. ‘ರದ್ದತಿಯೋಗ್ಯ’ ಎಂದರೆ ನೊಂದ ಪಕ್ಷಗಾರ ಬಯಸಿದರೆ ಕಳಚಿಕೊಳ್ಳಬಹುದಾದದ್ದು, ಬಯಸದಿದ್ದರೆ ಊರ್ಜಿತವಾಗಿಯೇ ಉಳಿಯುವಂಥದ್ದು.

ಈ ವಿಷಯವನ್ನು ಓದುವವರಲ್ಲಿ ಬಹುಪಾಲು ಜನ ವಕೀಲರಾಗುವವರಲ್ಲ. ಲೆಕ್ಕಿಗರು, ಬ್ಯಾಂಕ್ ಸಿಬ್ಬಂದಿ, ಮಾರಾಟ ವಿಭಾಗದವರು, ಸ್ವಂತ ಅಂಗಡಿ ಅಥವಾ ಕಾರ್ಖಾನೆ ನಡೆಸುವವರು ಆಗುವವರು. ವಕೀಲರಲ್ಲದವರಿಗೆ ಕಾನೂನನ್ನು ಎಷ್ಟು ಮತ್ತು ಹೇಗೆ ಕಲಿಸಬೇಕು ಎಂಬ ಪ್ರಶ್ನೆ ಹಾಗಾಗಿ ಈ ಅಧ್ಯಯನದ ಹುಟ್ಟಿನಿಂದಲೂ ಅದರ ಜೊತೆಗಿದೆ. ಹಲವು ಕಾಯ್ದೆಗಳ ಪರಿಚಯ ಮಾಡಿಕೊಡುವುದು ಒಂದು ದಾರಿ. ಕೆಲವನ್ನೇ ಹಿಡಿದು, ಕೊಟ್ಟ ಸಂಗತಿಗಳಿಂದ ಕಾನೂನಿನ ಪರಿಣಾಮಕ್ಕೆ ತರ್ಕಿಸಿ ಮುಟ್ಟುವುದನ್ನು ಕಲಿಸುವುದು ಇನ್ನೊಂದು. ವಿಷಯದ ಚರಿತ್ರೆ, ಅದರ ಮೂಲ ಪಠ್ಯದ ರಚನೆ ಮತ್ತು ಅದು ಬಳಕೆಗೆ ಬರುವ ಸಂದರ್ಭಗಳು ಎರಡನೆಯ ದಾರಿಯ ಪರವಾಗಿಯೇ ಸಾಕ್ಷ್ಯ ಹೇಳುತ್ತವೆ.

ಉಗಮ

ಭಾರತದ ವರ್ತಕರಿಗೆ ಬ್ರಿಟಿಷರು ಬರುವ ಮೊದಲೇ ತಮ್ಮದೇ ಕಟ್ಟಳೆಗಳಿದ್ದವು. ಹುಂಡಿಯ ಮೂಲಕ ದೂರದ ಊರಿಗೆ ಹಣ ರವಾನಿಸುವ, ಸಾಲ ಕೊಡುವ ಪದ್ಧತಿ ರೂಢಿಯ ಬಲದಿಂದಲೇ ನಡೆಯುತ್ತಿತ್ತು. 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆ ಕೂಡ ಪೌರಾತ್ಯ ಭಾಷೆಗಳಲ್ಲಿ ಬರೆದ ಲಿಖಿತಗಳ ಕುರಿತ ಸ್ಥಳೀಯ ರೂಢಿಗೆ ಧಕ್ಕೆಯಿಲ್ಲವೆಂದು ತನ್ನ ಮೊದಲ ಕಲಮಿನಲ್ಲೇ ಹೇಳಿಕೊಂಡಿತು. ಲಿಖಿತ, ಏಕರೂಪದ ಕಾನೂನು ಬಂದದ್ದು ಹತ್ತೊಂಬತ್ತನೆಯ ಶತಮಾನದ ಸಂಹಿತೀಕರಣದಿಂದ. 1861ರಲ್ಲಿ ನೇಮಕವಾದ ಮೂರನೆಯ ಕಾನೂನು ಆಯೋಗ 1866ರಲ್ಲಿ ಕರಾರು ಕಾನೂನಿನ ಕರಡು ಸಲ್ಲಿಸಿತು. ಅದು ದೀರ್ಘ ವಾದವಿವಾದಗಳನ್ನು ದಾಟಿ, ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ವೈಸ್‌ರಾಯ್ ಮಂಡಳಿಯ ಕಾನೂನು ಸದಸ್ಯನಾಗಿದ್ದಾಗ ಕಾಯ್ದೆಯಾಗಿ 1872ರ ಸೆಪ್ಟೆಂಬರ್ 1ರಂದು ಜಾರಿಗೆ ಬಂತು. ಮೊದಲು ಸರಕು ಮಾರಾಟವೂ ಪಾಲುದಾರಿಕೆಯೂ ಇದರೊಳಗೇ ಇದ್ದವು. ಮುಂದೆ 76ರಿಂದ 123ರವರೆಗಿನ ಕಲಮುಗಳನ್ನು ತೆಗೆದು 1930ರ ಸರಕು ಮಾರಾಟ ಕಾಯ್ದೆಯನ್ನೂ, 239ರಿಂದ 266ರವರೆಗಿನವನ್ನು ತೆಗೆದು 1932ರ ಪಾಲುದಾರಿಕೆ ಕಾಯ್ದೆಯನ್ನೂ ಮಾಡಲಾಯಿತು. ಇಂದಿನ ಪಠ್ಯಕ್ರಮದಲ್ಲಿ ಬೇರೆಬೇರೆ ಘಟಕಗಳಾಗಿ ಕಾಣುವ ಈ ಮೂರೂ ಹುಟ್ಟಿನಲ್ಲಿ ಒಂದೇ ಕಾಯ್ದೆ.

ವಾಣಿಜ್ಯ ಶಿಕ್ಷಣ ಇದಕ್ಕೆ ಸಮಾನಾಂತರವಾಗಿ ಬೆಳೆಯಿತು. 1886ರಲ್ಲಿ ಮದರಾಸಿನಲ್ಲಿ ಪಚ್ಚಯ್ಯಪ್ಪ ದತ್ತಿಯ ಧರ್ಮದರ್ಶಿಗಳು ವಾಣಿಜ್ಯ ಶಾಲೆಯನ್ನು ತೆರೆದರು; 1913ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜು ಆರಂಭವಾಯಿತು. ಕನ್ನಡ ನಾಡಿನಲ್ಲಿ 1916ರ ಮೈಸೂರು ವಿಶ್ವವಿದ್ಯಾಲಯ, 1949ರ ಕರ್ನಾಟಕ ವಿಶ್ವವಿದ್ಯಾಲಯ, 1964ರ ಬೆಂಗಳೂರು ವಿಶ್ವವಿದ್ಯಾಲಯಗಳ ಆಶ್ರಯದಲ್ಲಿ ಮುಂದೆ ವಾಣಿಜ್ಯ ಪದವಿಗಳು ಹರಡಿದವು. ಕರಾವಳಿಯಲ್ಲಿ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಹುಟ್ಟಿ ಬೆಳೆದದ್ದು 1906ರಿಂದ 1931ರ ನಡುವೆ. ಸಾಲಪತ್ರ, ಜಾಮೀನು, ಅಡವು, ಚೆಕ್ಕು ಇವುಗಳ ಕಾನೂನು ತಿಳಿದ ಗುಮಾಸ್ತರು ಇಂಥ ಸಂಸ್ಥೆಗಳಿಗೆ ದಿನನಿತ್ಯ ಬೇಕಾದವರು.

ವಿಷಯದ ರಚನೆ

ಸಾಮಾನ್ಯ ಪಠ್ಯಕ್ರಮದ ಮೊದಲ ಘಟಕ ಕರಾರು ಕಾಯ್ದೆಯ 1ರಿಂದ 75ರವರೆಗಿನ ಕಲಮುಗಳು: ಪ್ರಸ್ತಾಪ, ಅಂಗೀಕಾರ, ಪ್ರತಿಫಲ, ಪಕ್ಷಗಾರರ ಅರ್ಹತೆ, ಮುಕ್ತ ಸಮ್ಮತಿ, ಕಾನೂನುಬದ್ಧ ಉದ್ದೇಶ, ಕರಾರಿನ ನೆರವೇರಿಕೆ, ಭಂಗ ಮತ್ತು ಪರಿಹಾರ. ಅದರ ಹಿಂದೆಯೇ ವಿಶೇಷ ಕರಾರುಗಳು ಬರುತ್ತವೆ. ನಷ್ಟಭರ್ತಿ ಮತ್ತು ಜಾಮೀನು 124ರಿಂದ 147, ನಿಕ್ಷೇಪ ಮತ್ತು ಗಿರವಿ 148ರಿಂದ 181, ಏಜೆನ್ಸಿ 182ರಿಂದ 238. ಆಮೇಲೆ ಸರಕು ಮಾರಾಟ, ಪಾಲುದಾರಿಕೆ, 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆ ಮತ್ತು ವರ್ಗಾವಣೀಯ ಲಿಖಿತಗಳು. ಕಂಪನಿ ಕಾನೂನಿಗೆ ಹೆಚ್ಚಿನ ಕಡೆ ಪ್ರತ್ಯೇಕ ಪತ್ರಿಕೆಯೇ ಇದೆ. 1956ರ ಕಾಯ್ದೆಯ ಜಾಗಕ್ಕೆ ಬಂದ 2013ರ ಕಂಪನಿಗಳ ಕಾಯ್ದೆಯಲ್ಲಿ 470 ಕಲಮುಗಳಿವೆ. ಇವುಗಳ ಬದಿಯಲ್ಲಿ ಗ್ರಾಹಕ ಸಂರಕ್ಷಣೆ, ಸ್ಪರ್ಧಾ ಕಾನೂನು, ಬೌದ್ಧಿಕ ಸ್ವತ್ತು, ಮಾಹಿತಿ ತಂತ್ರಜ್ಞಾನ ಕಾಯ್ದೆ, ವಿದೇಶಿ ವಿನಿಮಯ, ಪರಿಸರ, ದಿವಾಳಿ ಸಂಹಿತೆ ಎಂದು ಕಾಲಕಾಲಕ್ಕೆ ಸೇರಿದ ಪಟ್ಟಿ ಉದ್ದವಾಗಿದೆ. ಕೆಲವೆಡೆ ಇವೆಲ್ಲವನ್ನೂ ಒಂದೇ ಸೆಮಿಸ್ಟರಿನ ಒಂದೇ ಪತ್ರಿಕೆಯಲ್ಲಿ ತುಂಬುವುದುಂಟು. ಆಗ ಒಂದೊಂದು ಕಾಯ್ದೆಗೂ ಉಳಿಯುವುದು ಅದರ ಉದ್ದೇಶ, ವ್ಯಾಖ್ಯೆ ಮತ್ತು ಲಕ್ಷಣಗಳ ಅರ್ಧ ಪುಟ ಮಾತ್ರ.

ಕರಾರು ಕಾಯ್ದೆ ಮತ್ತು ಅದರ ದೃಷ್ಟಾಂತಗಳು

ಕರಾರು ಕಾಯ್ದೆಯಲ್ಲಿ ಆಧುನಿಕ ಕಾಯ್ದೆಗಳಲ್ಲಿ ಅಪರೂಪವಾಗಿರುವ ಒಂದು ಗುಣವಿದೆ. ಅನೇಕ ಕಲಮುಗಳ ಕೆಳಗೆ ದೃಷ್ಟಾಂತಗಳು ಬರುತ್ತವೆ. ‘ಎ’ ಮತ್ತು ‘ಬಿ’ ಎಂಬ ಹೆಸರಿಲ್ಲದ ವ್ಯಕ್ತಿಗಳ ನಡುವಿನ ಪುಟ್ಟ ಪ್ರಸಂಗಗಳು, ಜೊತೆಗೆ ಕಾನೂನಿನ ಉತ್ತರ. ಮೆಕಾಲೆ 1837ರ ದಂಡಸಂಹಿತೆಯ ಕರಡಿನಲ್ಲಿ ಬಳಸಿದ ಈ ವಿಧಾನವನ್ನು ಕರಾರು ಕಾಯ್ದೆಯೂ ಅನುಸರಿಸಿತು. ಅಮೂರ್ತ ನಿಯಮವನ್ನು ಅದು ಅನ್ವಯವಾಗುವ ಸಂಗತಿಯೊಡನೆ ಒಟ್ಟಿಗೇ ಕೊಡುವುದರಿಂದ ಕಾಯ್ದೆಯ ಪಠ್ಯವೇ ಪಾಠದ ಪುಸ್ತಕವೂ ಆಗಿದೆ.

ಅನಿಶ್ಚಿತತೆಯ ಬಗೆಗಿನ 29ನೇ ಕಲಂ ನೋಡಬಹುದು. ಅರ್ಥ ಖಚಿತವಲ್ಲದ, ಖಚಿತಪಡಿಸಲೂ ಬಾರದ ಒಪ್ಪಂದ ಶೂನ್ಯ ಎಂಬುದು ನಿಯಮ. ದೃಷ್ಟಾಂತದಲ್ಲಿ ಎ ಎಂಬವನು ನೂರು ಟನ್ ಎಣ್ಣೆ ಮಾರಲು ಒಪ್ಪುತ್ತಾನೆ. ಯಾವ ಎಣ್ಣೆ ಎಂದು ತಿಳಿಯುವ ಬಗೆಯಿಲ್ಲ, ಆದ್ದರಿಂದ ಒಪ್ಪಂದ ಶೂನ್ಯ. ಮತ್ತೊಂದರಲ್ಲಿ ಮಾತು ಅದೇ, ಆದರೆ ಎ ಕೊಬ್ಬರಿ ಎಣ್ಣೆಯನ್ನಷ್ಟೇ ಮಾರುವ ವರ್ತಕ. ಅವನ ಕಸುಬೇ ಮಾತಿಗೆ ಅರ್ಥ ಕೊಡುವುದರಿಂದ ಕರಾರು ನಿಲ್ಲುತ್ತದೆ. ಎರಡರಲ್ಲೂ ನಿಯಮ ಒಂದೇ. ಫಲ ಬೇರೆಯಾದದ್ದು ಒಂದು ಸಂಗತಿ ಹೆಚ್ಚಾಗಿ ತಿಳಿದದ್ದರಿಂದ.

ವಂಚನೆಯ 17ನೇ ಕಲಂ ಇನ್ನೂ ಸೂಕ್ಷ್ಮ. ರೋಗಿಷ್ಠ ಎಂದು ತಿಳಿದೂ ಎ ತನ್ನ ಕುದುರೆಯನ್ನು ಹರಾಜಿನಲ್ಲಿ ಬಿಗೆ ಮಾರುತ್ತಾನೆ, ಏನೂ ಹೇಳುವುದಿಲ್ಲ: ಇದು ವಂಚನೆಯಲ್ಲ. ಕೊಳ್ಳುವ ಬಿ ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ, ಆ ಸಂಬಂಧವೇ ತಿಳಿಸಬೇಕಾದ ಕರ್ತವ್ಯವನ್ನು ಹುಟ್ಟಿಸುತ್ತದೆ. ‘ನೀನು ಅಲ್ಲವೆನ್ನದಿದ್ದರೆ ಕುದುರೆ ಗಟ್ಟಿಯಾಗಿದೆಯೆಂದು ತಿಳಿಯುತ್ತೇನೆ’ ಎಂಬರ್ಥದಲ್ಲಿ ಬಿ ಹೇಳಿ ಎ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಕುದುರೆ ಅದೇ, ಮೌನ ಅದೇ, ಸನ್ನಿವೇಶ ಮಾತ್ರ ಬೇರೆ. ಈ ಪ್ರಸಂಗಗಳನ್ನು ಬಿಟ್ಟು, ಮೌನ ಸಾಮಾನ್ಯವಾಗಿ ವಂಚನೆಯಲ್ಲ ಎಂಬ ಸಾಲನ್ನೂ ಅದರ ಅಪವಾದಗಳನ್ನೂ ಕಂಠಪಾಠ ಮಾಡಿದವನಿಗೆ ನಿಯಮ ತಿಳಿದಿರುತ್ತದೆ. ಎದುರಿಗಿರುವ ವಹಿವಾಟು ಆ ನಿಯಮದ ಯಾವ ಬದಿಗೆ ಬೀಳುತ್ತದೆ ಎಂಬುದು ತಿಳಿದಿರುವುದಿಲ್ಲ.

ತೀರ್ಪುಗಳು ಇದೇ ಕೆಲಸವನ್ನು ಇನ್ನಷ್ಟು ಆಳದಲ್ಲಿ ಮಾಡುತ್ತವೆ. ಅಪ್ರಾಪ್ತ ವಯಸ್ಕ ಮಾಡಿದ ಒಪ್ಪಂದ ರದ್ದತಿಯೋಗ್ಯವೋ ಶೂನ್ಯವೋ ಎಂಬ ಗೊಂದಲವನ್ನು 1903ರಲ್ಲಿ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ಬಗೆಹರಿಸಿತು: ಅದು ಮೊದಲಿಂದಲೇ ಶೂನ್ಯ, ಆದ್ದರಿಂದ ಅಡವುಪತ್ರದ ಮೇಲೆ ಸಾಲ ಕೊಟ್ಟವನಿಗೆ ಆ ಪತ್ರದ ಆಧಾರ ಉಳಿಯಲಿಲ್ಲ. 1892ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿಯ ಜಾಹೀರಾತನ್ನು ಇಡೀ ಜಗತ್ತಿಗೆ ಮಾಡಿದ ಪ್ರಸ್ತಾಪವೆಂದು ಪರಿಗಣಿಸಿತು. 1913ರ ಲಾಲ್‌ಮನ್ ಶುಕ್ಲಾ ಪ್ರಕರಣದಲ್ಲಿ, ಕಾಣೆಯಾದ ಹುಡುಗನನ್ನು ಹುಡುಕಿ ತಂದ ನೌಕರನಿಗೆ ಬಹುಮಾನದ ಘೋಷಣೆ ಹುಡುಕಿದ ಮೇಲಷ್ಟೇ ತಿಳಿದದ್ದರಿಂದ ಅಲಹಾಬಾದ್ ಹೈಕೋರ್ಟು ಬಹುಮಾನವನ್ನು ನಿರಾಕರಿಸಿತು. ಈ ಎರಡನ್ನೂ ಒಟ್ಟಿಗೆ ಓದಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ: ಪ್ರಸ್ತಾಪ ಯಾರಿಗೆ ಬೇಕಾದರೂ ತೆರೆದಿರಬಹುದು, ಆದರೆ ಅದನ್ನು ತಿಳಿಯದವನು ಅಂಗೀಕರಿಸಲಾರ.

ಅಧ್ಯಯನದ ಬಗೆಗಳು

ಪದವಿ ಹಂತದಲ್ಲಿ ಈ ವಿಷಯಕ್ಕೆ ಮೂರು ದಾರಿಗಳಿವೆ. ಬಿ.ಕಾಂ. ಮತ್ತು ಬಿ.ಬಿ.ಎ.ಗಳಲ್ಲಿ ಅದು ಒಂದೆರಡು ಪತ್ರಿಕೆಗಳಿಗೆ ಸೀಮಿತ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಡಿ ನಡೆಯುವ ಐದು ವರ್ಷಗಳ ಬಿ.ಕಾಂ. ಎಲ್‌ಎಲ್.ಬಿ., ಬಿ.ಬಿ.ಎ. ಎಲ್‌ಎಲ್.ಬಿ. ಸಂಯುಕ್ತ ಪದವಿಗಳಲ್ಲಿ ಕರಾರು ಕಾನೂನು ವೃತ್ತಿಶಿಕ್ಷಣದ ಬುನಾದಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1980ರ ದಶಕದ ಕೊನೆಯಲ್ಲಿ ಆರಂಭಿಸಿದ ಐದು ವರ್ಷಗಳ ಮಾದರಿ ದೇಶಕ್ಕೆಲ್ಲ ಹರಡಿತು. ಕರ್ನಾಟಕದ ಕಾನೂನು ಕಾಲೇಜುಗಳಿಗಾಗಿ 2009ರಲ್ಲಿ ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮೂರನೆಯದು ವೃತ್ತಿಸಂಸ್ಥೆಗಳ ಪರೀಕ್ಷೆ. ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್ ಓದುವ ಅನೇಕರು ಬಿ.ಕಾಂ. ಜೊತೆಯಲ್ಲೇ ಇವನ್ನೂ ಓದುತ್ತಾರೆ.

ಬೋಧನೆ, ಪರೀಕ್ಷೆ ಮತ್ತು ಆಕ್ಷೇಪಗಳು

ಕಾನೂನು ಕಾಲೇಜುಗಳಲ್ಲಿ, ತೀರ್ಪುಗಳನ್ನೇ ಓದಿ ನಿಯಮ ಕಲಿಯುವ ಪ್ರಕರಣ ವಿಧಾನಕ್ಕೆ ಹಳೆಯ ಬೇರಿದೆ. ಹಾರ್ವರ್ಡ್‌ನ ಲ್ಯಾಂಗ್‌ಡೆಲ್ 1871ರಲ್ಲಿ ಪ್ರಕಟಿಸಿದ ಮೊದಲ ಪ್ರಕರಣ ಸಂಕಲನವೂ ಕರಾರು ಕಾನೂನಿನದೇ. ವಾಣಿಜ್ಯ ಪದವಿಗಳಲ್ಲಿ ನಡೆದು ಬಂದದ್ದು ಹೆಚ್ಚಾಗಿ ವಿವರಣೆಯ ವಿಧಾನ: ವ್ಯಾಖ್ಯೆ, ಅಗತ್ಯ ಅಂಶಗಳು, ವ್ಯತ್ಯಾಸಗಳ ಕೋಷ್ಟಕ. ಎನ್.ಡಿ. ಕಪೂರ್ ಅವರ ಮರ್ಕೆಂಟೈಲ್ ಕಾನೂನಿನ ಪುಸ್ತಕ ದೇಶದ ಉದ್ದಗಲಕ್ಕೂ ಬಳಕೆಯಲ್ಲಿದೆ. ವಿವರಣೆಯ ವಿಧಾನವನ್ನು ಸಮರ್ಥಿಸುವ ವಾದಗಳು ದುರ್ಬಲವಲ್ಲ, ಆದ್ದರಿಂದ ಒಂದೊಂದಾಗಿ ಪರಿಶೀಲಿಸಬೇಕು.

ಮೊದಲನೆಯದು, ವಾಣಿಜ್ಯ ವಿದ್ಯಾರ್ಥಿ ವಕೀಲನಾಗುವುದಿಲ್ಲ, ಅವನಿಗೆ ಸ್ಥೂಲ ಪರಿಚಯ ಸಾಕು, ತೊಡಕು ಬಂದಾಗ ವಕೀಲರಿದ್ದಾರೆ ಎಂಬುದು. ಆದರೆ ವ್ಯವಹಾರದಲ್ಲಿ ಕಾನೂನಿನ ಪರಿಣಾಮ ಉಂಟಾಗುವುದು ವಕೀಲರ ಬಾಗಿಲು ತಟ್ಟುವ ಮುಂಚೆ. ಚೆಕ್ ಬೌನ್ಸ್ ಆದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು, ನೋಟಿಸ್ ಮುಟ್ಟಿದ 15 ದಿನಗಳಲ್ಲಿ ಹಣ ಬಾರದಿದ್ದರೆ ಆಮೇಲೆ ಒಂದು ತಿಂಗಳೊಳಗೆ ದೂರು ಸಲ್ಲಿಸಬೇಕು. ವರ್ಗಾವಣೀಯ ಲಿಖಿತಗಳ ಕಾಯ್ದೆಯಲ್ಲಿ 1989ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ, 138ನೇ ಕಲಮಿನಿಂದ ಶುರುವಾಗುವ ಈ ಅಧ್ಯಾಯದ ಪೂರ್ತಿ ಬಲ ನಿಂತಿರುವುದು ಈ ಗಡುವುಗಳ ಮೇಲೆ. ನೋಟಿಸಿನ ಗಡುವು ತಪ್ಪಿದರೆ ಆ ದೂರಿಗೆ ಆಧಾರವೇ ಇಲ್ಲ. ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ಕರಾರಿನಿಂದ ಹುಟ್ಟಿದ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾರದು ಎಂಬ ಪಾಲುದಾರಿಕೆ ಕಾಯ್ದೆಯ 69ನೇ ಕಲಮಿನ ನಿರ್ಬಂಧ, ಬಾಕಿ ವಸೂಲಿಗೆ ಹೊರಟ ದಿನ ತಿಳಿದರೆ ತಡವಾಗಿರುತ್ತದೆ. ಯಾವ ಘಳಿಗೆಯಲ್ಲಿ ಕಾನೂನು ತನ್ನನ್ನು ಮುಟ್ಟಿತು ಎಂದು ಗುರುತಿಸುವ ಶಕ್ತಿ ವಕೀಲನಲ್ಲದವನಿಗೇ ಹೆಚ್ಚು ಬೇಕು. ಅದು ಬರುವುದು ಸಂಗತಿಗಳನ್ನು ಬಿಡಿಸಿ ನೋಡುವ ಅಭ್ಯಾಸದಿಂದ.

ಎರಡನೆಯದು, ಹೊಸ ಕಾಯ್ದೆಗಳು ಬರುತ್ತಲೇ ಇರುವಾಗ 1872ರ ಪಠ್ಯಕ್ಕೆ ಅಷ್ಟು ಸಮಯ ಕೊಡಲಾಗದು ಎಂಬುದು. ಹೊಸ ಕಾಯ್ದೆಗಳು ಹಳೆಯದರ ಮೇಲೆ ಎಷ್ಟು ಒರಗಿವೆ ಎಂಬುದನ್ನು ಈ ವಾದ ಗಮನಿಸುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುವುದಿಷ್ಟೇ: ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರು ಜಾರಿಗೆ ಅನರ್ಹವಾಗದು. ಪ್ರಸ್ತಾಪ ಯಾವುದು, ಅಂಗೀಕಾರ ಯಾವಾಗ ಪೂರ್ಣವಾಯಿತು ಎಂಬ ಪ್ರಶ್ನೆಗಳು ಕರಾರು ಕಾಯ್ದೆಗೇ ಮರಳುತ್ತವೆ. 1965ರಲ್ಲಿ ಭಗವಾನದಾಸ್ ಕೇಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದೂರವಾಣಿಯಲ್ಲಿ ಕರಾರು ಆಗುವುದು ಅಂಗೀಕಾರ ಕೇಳಿಬಂದ ಸ್ಥಳದಲ್ಲಿ ಎಂದು ತೀರ್ಮಾನಿಸಿತು. 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ನಡುವಿನ ಪ್ರಕರಣದಲ್ಲಿ ಇ-ಮೇಲ್ ವಿನಿಮಯದಿಂದಲೇ ಕರಾರು ಪೂರ್ಣವಾಗಿದೆ ಎಂದಿತು. ಎರಡೂ ಕರಾರು ಕಾನೂನಿನ ಹಳೆಯ ತತ್ವಗಳಿಂದಲೇ ತೆಗೆದ ಉತ್ತರಗಳು.

ಆದರೂ ಈ ಆಕ್ಷೇಪದಲ್ಲಿ ಒಂದು ಸತ್ಯಾಂಶವಿದೆ. ಕರಾರು ಕಾಯ್ದೆ ಪಕ್ಷಗಾರರನ್ನು ಬಹುಮಟ್ಟಿಗೆ ಸಮಬಲರೆಂದು ಭಾವಿಸುತ್ತದೆ. ಸಾವಿರ ರೂಪಾಯಿ ಬೆಲೆಯ ಕುದುರೆಯನ್ನು ಮುಕ್ತ ಸಮ್ಮತಿಯಿಂದ ಹತ್ತು ರೂಪಾಯಿಗೆ ಮಾರಿದರೂ ಅದು ಕರಾರೇ ಎನ್ನುತ್ತದೆ 25ನೇ ಕಲಮಿನ ಒಂದು ದೃಷ್ಟಾಂತ. ಅಚ್ಚುಹಾಕಿದ ಷರತ್ತುಗಳಿಗೆ ಸಹಿ ಮಾಡುವ, ಪರದೆಯ ಮೇಲೆ ಒಂದು ಗುಂಡಿ ಒತ್ತಿ ಒಪ್ಪುವ ಗ್ರಾಹಕನಿಗೆ ಈ ಭಾವನೆ ಹೊಂದುವುದಿಲ್ಲ. 1986ರಲ್ಲಿ ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉದ್ಯೋಗದ ಷರತ್ತೊಂದನ್ನು ಅಸಮ ಬಲದ ಕಾರಣದಿಂದ ಶೂನ್ಯವೆಂದದ್ದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರು ಏನೆಂದು ವ್ಯಾಖ್ಯಾನಿಸಿ ಅಂಥ ಷರತ್ತುಗಳನ್ನು ಶೂನ್ಯಗೊಳಿಸುವ ಅಧಿಕಾರವನ್ನು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ಕೊಟ್ಟದ್ದು ಇದೇ ಕೊರತೆಗೆ ಉತ್ತರ. ಗ್ರಾಹಕ ಕಾನೂನು ಪಠ್ಯದಲ್ಲಿ ಇರಲೇಬೇಕು. ಆದರೆ ಅದು ಅರ್ಥವಾಗುವುದು ಯಾವ ನಿಯಮದಿಂದ, ಏಕೆ ಬೇರೆಯಾಯಿತು ಎಂದು ತಿಳಿದವನಿಗೆ. ಬಿಡಿ ಘಟಕವಾಗಿ ಓದಿದವನಿಗೆ ಆಯೋಗಗಳ ಹಣಕಾಸಿನ ಮಿತಿಗಳಷ್ಟೇ ನೆನಪುಳಿಯುತ್ತವೆ.

ಮೂರನೆಯದು ಮೌಲ್ಯಮಾಪನದ ತೊಂದರೆ. ಸಾವಿರಾರು ಉತ್ತರಪತ್ರಿಕೆಗಳನ್ನು ಹಲವು ಮೌಲ್ಯಮಾಪಕರು ತಿದ್ದುವಾಗ ಸಮಸ್ಯೆ ಆಧಾರಿತ ಪ್ರಶ್ನೆಗಳಿಗೆ ಏಕರೂಪದ ಅಂಕ ಕೊಡುವುದು ಕಷ್ಟ. ಹಾಗಿದ್ದರೂ ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ದೇಶವ್ಯಾಪಿ ಫೌಂಡೇಷನ್ ಪರೀಕ್ಷೆಯಲ್ಲಿ ವ್ಯವಹಾರ ಕಾನೂನುಗಳ 100 ಅಂಕಗಳ ಪತ್ರಿಕೆಯನ್ನು ವಿವರಣಾತ್ಮಕವಾಗಿಯೇ ನಡೆಸುತ್ತಿದೆ. ಸಂಗತಿ ಕೊಟ್ಟು, ಅನ್ವಯವಾಗುವ ನಿಬಂಧನೆ, ವಿಶ್ಲೇಷಣೆ, ತೀರ್ಮಾನ ಎಂಬ ಮೂರು ಹಂತಗಳಲ್ಲಿ ಉತ್ತರ ಬಯಸುವ ಪ್ರಶ್ನೆಗಳು ಅಲ್ಲಿ ಸಾಮಾನ್ಯ. ಇಷ್ಟು ದೊಡ್ಡ ಸಂಖ್ಯೆಗೆ ಅಲ್ಲಿ ಸಾಧ್ಯವಾದದ್ದು ವಿಶ್ವವಿದ್ಯಾಲಯಕ್ಕೆ ಅಸಾಧ್ಯವಲ್ಲ.

ಕಾಯ್ದೆಯ ಇಂಗ್ಲಿಷ್ ಕಠಿಣ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೂಲಪಠ್ಯವನ್ನು ಎದುರಿಸಲಾರರು ಎಂಬ ಮಾತೂ ಇದೆ. ಕಲಮುಗಳ ವಾಕ್ಯಗಳು ಕಠಿಣವೆಂಬುದು ದಿಟ; ದೃಷ್ಟಾಂತಗಳು ಹಾಗಲ್ಲ, ಅವು ಕಾಯ್ದೆಯ ಅತ್ಯಂತ ಸರಳ ಭಾಗ. ಕೇಂದ್ರ ಕಾಯ್ದೆಗಳಿಗೆ ಪ್ರಾದೇಶಿಕ ಭಾಷೆಗಳಲ್ಲಿ ಅಧಿಕೃತ ಪಠ್ಯ ಹೊರತರಲು 1973ರ ಕಾಯ್ದೆಯೊಂದು ಅವಕಾಶ ಮಾಡಿಕೊಟ್ಟಿದೆ. ಎಣ್ಣೆ, ಕುದುರೆ, ಹಡಗು, ಬಾಡಿಗೆಯ ಈ ಪ್ರಸಂಗಗಳನ್ನು ತರಗತಿಯಲ್ಲಿ ಕನ್ನಡದಲ್ಲೇ ಚರ್ಚಿಸಲು ಯಾವ ಅಡ್ಡಿಯೂ ಇಲ್ಲ.

ಉಪಯೋಗ

ಲೆಕ್ಕಪರಿಶೋಧನೆ, ಬ್ಯಾಂಕಿಂಗ್, ವಿಮೆ, ಖರೀದಿ ಮತ್ತು ಸರಬರಾಜು, ಮಾನವ ಸಂಪನ್ಮೂಲ ವಿಭಾಗಗಳಲ್ಲಿ ಈ ತಿಳಿವಳಿಕೆ ನೇರವಾಗಿ ಬಳಕೆಯಾಗುತ್ತದೆ. ಸಾಲದ ಕಡತ ನೋಡುವ ಬ್ಯಾಂಕ್ ಅಧಿಕಾರಿಗೆ ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ವ್ಯಾಪಕ ಎಂಬ 128ನೇ ಕಲಂ ಗೊತ್ತಿರಬೇಕು. ಜಾಮೀನುದಾರನ ಒಪ್ಪಿಗೆಯಿಲ್ಲದೆ ಸಾಲದ ಷರತ್ತು ಬದಲಿಸಿದರೆ ಆಮೇಲಿನ ವ್ಯವಹಾರಗಳ ಮಟ್ಟಿಗೆ ಅವನು ಬಿಡುಗಡೆಯಾಗುತ್ತಾನೆ ಎಂಬ 133ನೇ ಕಲಮೂ ಗೊತ್ತಿರಬೇಕು. ಸ್ನೇಹಿತನಿಗಾಗಿ ಸಹಿ ಹಾಕುವ ಸಾಮಾನ್ಯನಿಗೂ ಇವೆರಡರಷ್ಟು ಪ್ರಯೋಜನದ ಕಲಮುಗಳು ಕಡಿಮೆ. ಸರಕು ಸಾಗಣೆಯಲ್ಲಿ ಹಾಳಾದಾಗ ನಷ್ಟ ಯಾರದು ಎಂಬುದಕ್ಕೆ ಸರಕು ಮಾರಾಟ ಕಾಯ್ದೆಯ 26ನೇ ಕಲಂ ಉತ್ತರ ಕೊಡುತ್ತದೆ: ಬೇರೆ ಒಪ್ಪಂದವಿಲ್ಲದಿದ್ದರೆ ಒಡೆತನ ಯಾರಲ್ಲಿದೆಯೋ ನಷ್ಟವೂ ಅವರದೇ, ಸರಕು ಕೈಸೇರಿರಲಿ ಬಿಡಲಿ.

ಈಗಿನ ಸ್ಥಿತಿ

ಕರ್ನಾಟಕದಲ್ಲಿ 2021–22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಆನರ್ಸ್ ಪದವಿ ಬಂದು, 2024–25ರಿಂದ ರಾಜ್ಯ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಕೆಲವೇ ವರ್ಷಗಳಲ್ಲಿ ಪಠ್ಯಕ್ರಮ ಎರಡು ಬಾರಿ ಬದಲಾಯಿತು. ಕಾನೂನೂ ನಿಂತಿಲ್ಲ. 2018ರ ತಿದ್ದುಪಡಿ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಕರಾರನ್ನು ನೆರವೇರಿಸುವಂತೆಯೇ ಆದೇಶಿಸುವ ಪರಿಹಾರಕ್ಕೆ ಮುಂಚೂಣಿಯ ಸ್ಥಾನ ಕೊಟ್ಟಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಕರಾರು ಕಾಯ್ದೆಯ ಸಾಮಾನ್ಯ ತತ್ವಗಳ ಭಾಗ ಮಾತ್ರ ಬಹುಮಟ್ಟಿಗೆ 1872ರ ರೂಪದಲ್ಲೇ ಇದೆ.

ಆ ಭಾಗದ 27ನೇ ಕಲಂ, ನ್ಯೂಯಾರ್ಕಿಗಾಗಿ ಡೇವಿಡ್ ಡಡ್ಲಿ ಫೀಲ್ಡ್ ಸಿದ್ಧಪಡಿಸಿದ ಕರಡು ಸಂಹಿತೆಯಿಂದ ಬಂದದ್ದು, ವ್ಯಾಪಾರ ಅಥವಾ ವೃತ್ತಿಯನ್ನು ನಿರ್ಬಂಧಿಸುವ ಒಪ್ಪಂದ ಆ ಮಟ್ಟಿಗೆ ಶೂನ್ಯ ಎನ್ನುತ್ತದೆ. ಉದ್ಯೋಗಕ್ಕೆ ಸೇರುವ ಪದವೀಧರರು ಮೊದಲ ದಿನವೇ ಎದುರಿಸಬಹುದಾದ ಬಾಂಡ್ ಪತ್ರಗಳ ಪ್ರಶ್ನೆಗೆ ಇದೇ ಕಲಂ ಆಧಾರ. ಕೆಲಸದಲ್ಲಿರುವಾಗಿನ ನಿರ್ಬಂಧ ಮತ್ತು ಕೆಲಸ ಬಿಟ್ಟ ಮೇಲಿನ ನಿರ್ಬಂಧಗಳನ್ನು ಸುಪ್ರೀಂ ಕೋರ್ಟು 1967ರ ಗೋಲಿಕಾರಿ ಪ್ರಕರಣದಿಂದಲೂ ಬೇರ್ಪಡಿಸುತ್ತ ಬಂದಿದೆ. 2025ರ ಮೇ ತಿಂಗಳಲ್ಲಿ, ಕರ್ನಾಟಕ ಹೈಕೋರ್ಟಿನಿಂದ ಮೇಲ್ಮನವಿಯಾಗಿ ಹೋದ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷ ಪೂರೈಸದೆ ಕೆಲಸ ಬಿಟ್ಟರೆ ಎರಡು ಲಕ್ಷ ರೂಪಾಯಿ ತೆರಬೇಕೆಂಬ ಷರತ್ತನ್ನು ನ್ಯಾಯಾಲಯ ಎತ್ತಿಹಿಡಿಯಿತು. ಷರತ್ತು ಮುಂದಿನ ಉದ್ಯೋಗವನ್ನು ತಡೆಯುವುದಿಲ್ಲ, ಆದ್ದರಿಂದ 27ನೇ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ಅಚ್ಚುಹಾಕಿದ ಕರಾರಿನಲ್ಲಿ ನೌಕರನ ದುರ್ಬಲ ಸ್ಥಾನವನ್ನು ಗಮನಕ್ಕೆ ತೆಗೆದುಕೊಂಡೂ, ಸಾರ್ವಜನಿಕ ವಲಯದ ಬ್ಯಾಂಕಿಗೆ ಮುಕ್ತ ನೇಮಕಾತಿ ಪ್ರಕ್ರಿಯೆಯನ್ನು ಮತ್ತೆ ನಡೆಸಲು ತಗಲುವ ವೆಚ್ಚ ಮತ್ತು ಆ ಹುದ್ದೆಯ ಸಂಬಳವನ್ನು ತೂಗಿ, ಮೊತ್ತ ಅತಿಯಲ್ಲ ಎಂಬ ತೀರ್ಮಾನಕ್ಕೆ ಬಂತು.